ನಾಗಿಣಿಯ ಕೀಲಿ, ಶ್ರೇಣಿಕನ ಸಂದೇಹ

ಕನ್ನಡ ವಿಮರ್ಶೆಯು ಕವಿಯನ್ನು ಕುರಿತು, ಕೃತಿಯನ್ನು ಕುರಿತು, ಈಚಿನ ದಶಕಗಳಲ್ಲಿ ಓದುಗನನ್ನು ಕುರಿತೂ ಸಾಕಷ್ಟು ಚಿಂತಿಸಿದೆ. ನೋಡುಗನ ವಿಷಯದಲ್ಲಿ ಮಾತ್ರ ಅದರ ಧೋರಣೆ ಎರಡು ಬಗೆಯದು. ಯಕ್ಷಗಾನದ, ದೊಡ್ಡಾಟದ ಪ್ರೇಕ್ಷಕನನ್ನು ರಸಿಕನೆಂದು ಗೌರವಿಸುವ ನಾವೇ, ಆ ಪ್ರೇಕ್ಷಕ ಮನೆಗೆ ಮರಳಿ ಕಿರುತೆರೆಯ ಮುಂದೆ ಕುಳಿತೊಡನೆ ಅವನನ್ನು ಮರುಳಾದವನೆಂದು ಭಾವಿಸುತ್ತೇವೆ. ಅತಿಮಾನುಷ ಶಕ್ತಿಯ ನಾಯಕರು, ಇಚ್ಛಾರೂಪ ತಳೆಯುವ ನಾಗಿಣಿಯರು, ಪ್ರೇತ ಪಿಶಾಚಿಗಳು ತುಂಬಿದ ಧಾರಾವಾಹಿಗಳ ವಿಷಯ ಬಂದರಂತೂ ಈ ತಿರಸ್ಕಾರಕ್ಕೆ ಅಂಕೆಯೇ ಇಲ್ಲ. ಇವನ್ನು ನೋಡುವವರು ನಂಬುತ್ತಾರೆ, ನಂಬುವವರು ವಿಮರ್ಶಿಸಲಾರರು ಎಂಬುದು ನಾವು ಬಾಯಿಬಿಟ್ಟು ಹೇಳದ ಸೂತ್ರ. ಈ ಸೂತ್ರ ತಪ್ಪೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬಹುಕಾಲ ಇದನ್ನು ಪಾಲಿಸಿಕೊಂಡು ಬಂದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು.

ನನ್ನ ಆಕರ ಗ್ರಂಥಾಲಯದ್ದಲ್ಲ, ಪೇಟೆಯದು. ಹೈದರಾಬಾದಿನ ಅಬಿಡ್ಸ್, ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಪರಿಚಾರಕನಾಗಿದ್ದ ಆಲ್ಬರ್ಟ್ ಆಬಿದ್ ಎಂಬಾತನಿಂದ ಹೆಸರು ಪಡೆದ ಸ್ಥಳ. ಭಾನುವಾರ ಅಲ್ಲಿನ ಅಂಗಡಿಗಳು ಮುಚ್ಚಿರುವಾಗ ಕಾಲುದಾರಿಯ ಉದ್ದಕ್ಕೂ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ನಾನು ಜೈನ ಕಾವ್ಯಗಳ ಎರಡು ಹಳೆಯ ಆವೃತ್ತಿಗಳನ್ನು ಕೊಂಡದ್ದು ಅಲ್ಲಿಯೇ. ಅವು ಬಿದ್ದಿದ್ದ ಗೋಣಿಚೀಲದ ಮೇಲೆ, ಅವುಗಳಿಗೆ ಒತ್ತಿಕೊಂಡೇ, ರಾಜ್ ಕಾಮಿಕ್ಸ್‌ನವರ ನಾಗರಾಜನ ಹಿಂದಿ ಸಂಚಿಕೆಗಳೂ ಇದ್ದವು. ಮೈತುಂಬ ಹಾವುಗಳನ್ನು ಇಟ್ಟುಕೊಂಡ ಆ ವೀರನನ್ನು ಪಕ್ಕಕ್ಕೆ ಸರಿಸಿ ನಾಗಚಂದ್ರನನ್ನು ಎತ್ತಿಕೊಂಡೆ. ಈಗ ನೆನೆದರೆ ಆ ಸರಿಸುವಿಕೆಯಲ್ಲಿಯೇ ನಮ್ಮ ಶಾಸ್ತ್ರದ ಒಂದು ದೋಷ ಅಡಗಿತ್ತೆನ್ನಿಸುತ್ತದೆ.

ಸಂತೆ ಮುಗಿಸಿ ಅಂಚೆ ಕಚೇರಿಯ ಆಚೆಗಿನ ಒಂದು ಉಪಾಹಾರ ಗೃಹದಲ್ಲಿ ಕಾಫಿ ಕುಡಿಯುವುದು ರೂಢಿಯಾಯಿತು. ಅಲ್ಲಿ ಒಂದು ಮೇಜಿನ ಸುತ್ತ ಭಾನುವಾರದ ಕನ್ನಡ ಕೂಟವೊಂದು ಸೇರುತ್ತಿತ್ತು. ಬ್ಯಾಂಕಿನವರು, ರೈಲ್ವೆಯಿಂದ ನಿವೃತ್ತರಾದ ಒಬ್ಬರು, ಅವರವರ ಮನೆಯ ಹೆಣ್ಣುಮಕ್ಕಳು. ಗಲ್ಲಾಪೆಟ್ಟಿಗೆಯ ಹಿಂದೆ ಕುಂದಾಪುರದ ಕಡೆಯ ಒಬ್ಬರು. ಹೊರನಾಡಿನ ಸಂಶೋಧಕರಿಗೆ ನೆನಪಿಸಬೇಕಾದ ಸಂಗತಿಯೆಂದರೆ, 1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಉದ್ಯೋಗದ ಕಾರಣದಿಂದ ಹೈದರಾಬಾದಿನಲ್ಲಿಯೇ ಉಳಿದ ಕನ್ನಡಿಗರು ಅನೇಕರು. ಈ ಮೇಜಿನವರಲ್ಲಿ ಹೆಚ್ಚಿನವರು ಅಂಥವರ ಮಕ್ಕಳು, ಮೊಮ್ಮಕ್ಕಳು. ಮನೆಯಲ್ಲಿ ಕಲಬುರಗಿಯ ಕನ್ನಡ, ಬೀದಿಯಲ್ಲಿ ದಖನಿ, ಕಚೇರಿಯಲ್ಲಿ ತೆಲುಗು. ಕಿರುತೆರೆಯಲ್ಲಿ ಇವರು ನೋಡುವುದೂ ಈ ಮೂರರಲ್ಲಿಯೇ. ಚರ್ಚಿಸುವುದು ಮಾತ್ರ ಕನ್ನಡದಲ್ಲಿ. ಒಂದೇ ಬಗೆಯ ಕಥೆ ಮೂರು ಭಾಷೆಗಳಲ್ಲಿ ಬಂದಾಗ ಅದನ್ನು ಹೋಲಿಸಿ ತೂಗುವ ಅವಕಾಶ ಬೆಂಗಳೂರಿನ ನೋಡುಗನಿಗಿಂತ ಇವರಿಗೆ ಹೆಚ್ಚು. ಈ ಸಣ್ಣ ಸಂಗತಿಯ ಮಹತ್ವ ನನಗೆ ತಡವಾಗಿ ತಿಳಿಯಿತು.

2015ರ ನವೆಂಬರಿನಲ್ಲಿ ಕಲರ್ಸ್ ವಾಹಿನಿಯಲ್ಲಿ ಹಿಂದಿಯ 'ನಾಗಿನ್' ಆರಂಭವಾಯಿತು. ಮರುವರ್ಷ ಜೀ ಕನ್ನಡದಲ್ಲಿ ದೀಪಿಕಾ ದಾಸ್ ಮುಖ್ಯಪಾತ್ರದಲ್ಲಿದ್ದ 'ನಾಗಿಣಿ' ಬಂದಿತು. 2020ರಲ್ಲಿ ನಮ್ರತಾ ಗೌಡ ಅವರ 'ನಾಗಿಣಿ 2'. ಸೇಡಿಗಾಗಿ ಮನೆಯೊಂದನ್ನು ಹೊಗುವ ನಾಗಿಣಿ ಆ ಮನೆಯ ಮಗನ ಪ್ರೀತಿಗೆ ಸಿಲುಕುವುದು ಇಂಥ ಕಥೆಗಳ ಪರಿಚಿತ ಹಂದರ. ಆ ದಿನಗಳ ಒಂದು ಭಾನುವಾರ ಸೇಡಂ ಕಡೆಯ, ಅರವತ್ತು ದಾಟಿದ ತಾಯಿಯೊಬ್ಬರು ಇಡ್ಲಿಯ ತಟ್ಟೆ ಸರಿಸಿ ಕೇಳಿದ ಮಾತು ಈ ಲೇಖನದ ಬೀಜ:

"ಹಾವು ಹೆಣ್ಣ ಆಗ್ತಾಳ ಅನ್ನೂದು ಒಪ್ಪೀನ್ರಿ. ಆದ್ರ ನಿನ್ನಿ ಬಾಗಲ ಸಂದ್ಯಾಗಿಂದ ಹಾವಾಗಿ ಹರಕೊಂಡ ಹೋದಾಕಿ, ಇವತ್ತ ಕೀಲಿ ಹಾಕಿದ ಖೋಲ್ಯಾಗ ಅಳಕೋತ ಕುಂತಾಳಲ್ಲ, ಅದು ಹ್ಯಾಂಗ?"

ಅವರು ಯಾವ ಧಾರಾವಾಹಿಯನ್ನು ಕುರಿತು ಕೇಳಿದರೆಂಬುದು ನನಗೆ ತಿಳಿಯಲಿಲ್ಲ. ನಾಗಕಥೆಗಳು ಅವರ ಮನೆಯಲ್ಲಿ ಒಂದರ ಹಿಂದೊಂದು ನಡೆಯುತ್ತಿದ್ದವು. ರೈಲ್ವೆಯವರು ನಕ್ಕು, "ಅಕ್ಕೋರ, ಆಕಿ ಹೊರಗ ಬಂದ್ರ ಕಥಿ ಮುಗೀತದಲ್ರಿ" ಎಂದರು. ತಾಯಿ ಈ ಸಮಾಧಾನವನ್ನು ಒಪ್ಪಲಿಲ್ಲ. ಕಥೆ ಬೆಳೆಸುವವರ ಅಡಚಣೆ ಅವರದು, ನನಗೆ ಬೇಕಾದದ್ದು ನಾಗಿಣಿಯ ಕಾರಣ ಎಂಬುದು ಅವರ ನಿಲುವು.

ಈ ಪ್ರಶ್ನೆಯ ಸ್ವರೂಪವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಾವು ಹೆಣ್ಣಾಗಬಲ್ಲುದೇ ಎಂಬ ಶಂಕೆ ಇಲ್ಲಿಲ್ಲ. ಅದನ್ನು ಕೇಳುವವಳು ಕೊಟ್ಟುಬಿಟ್ಟಿದ್ದಾಳೆ. ಕಥೆಗೆ ಸಾಲ ಕೊಟ್ಟಂತೆ. ಆದರೆ ಕೊಟ್ಟ ಸಾಲದ ಲೆಕ್ಕವನ್ನು ಆಕೆ ಬಿಡಲಾರಳು. ಅದ್ಭುತವನ್ನು ಒಪ್ಪಿದ ಮೇಲೆ ಆ ಅದ್ಭುತಕ್ಕೊಂದು ಕಟ್ಟಳೆ ಇರಬೇಕು. ನಿನ್ನೆಯ ಶಕ್ತಿ ಇಂದು ಇಲ್ಲವಾದರೆ ಇಲ್ಲವಾದುದಕ್ಕೆ ಕಾರಣ ಕಥೆಯ ಒಳಗೆ ಇರಬೇಕು. ಕ್ಷೇಮೇಂದ್ರ 11ನೆಯ ಶತಮಾನದಲ್ಲಿ ಔಚಿತ್ಯವೆಂದು ವಿವರಿಸಿದ ತತ್ತ್ವಕ್ಕೂ ಇದಕ್ಕೂ ಇರುವ ನಂಟು ಮೇಲುನೋಟದ್ದಲ್ಲ. ಆತ ಪದ, ವಾಕ್ಯ, ಅಲಂಕಾರಗಳಿಂದ ತೊಡಗಿ ಸ್ವಭಾವ, ಅವಸ್ಥೆಗಳವರೆಗೆ ಔಚಿತ್ಯದ ಎಡೆಗಳನ್ನು ಹುಡುಕಿದ. ಅಬಿಡ್ಸ್‌ನ ತಾಯಿ ಹುಡುಕಿದ್ದು ಸ್ವಭಾವದ ಔಚಿತ್ಯವನ್ನು.

ನಮ್ಮ ಮಧ್ಯಕಾಲೀನ ಸಾಹಿತ್ಯ ಇಂಥ ಕೇಳುಗರನ್ನು ಎದುರಿಸಿಯೇ ಬೆಳೆದದ್ದು. ಪ್ರಾಕೃತದಲ್ಲಿ ರಾಮಕಥೆಯನ್ನು ಬರೆದ ವಿಮಲಸೂರಿಯ ಕಾವ್ಯದಲ್ಲಿ ಮಗಧದ ಅರಸು ಶ್ರೇಣಿಕ ತಾನು ಕೇಳಿದ ರಾಮಾಯಣದ ಬಗೆಗೆ ಸಂದೇಹಗಳನ್ನು ಹೊತ್ತು ಗೌತಮ ಗಣಧರರ ಬಳಿಗೆ ಬರುತ್ತಾನೆ. ಬಲಿಷ್ಠರಾದ ರಾಕ್ಷಸರನ್ನು ಕಪಿಗಳು ಕೊಂದದ್ದು ಹೇಗೆ? ಕುಂಭಕರ್ಣ ಆರು ತಿಂಗಳು ನಿದ್ರಿಸಿದ್ದು ಹೇಗೆ? ಇಡೀ ಜೈನ ರಾಮಾಯಣವೇ ಒಂದರ್ಥದಲ್ಲಿ ಅತೃಪ್ತ ಕೇಳುಗನೊಬ್ಬನಿಗೆ ಕೊಟ್ಟ ಉತ್ತರ. ಆ ಪರಂಪರೆಯಲ್ಲಿ 12ನೆಯ ಶತಮಾನದ ಆಸುಪಾಸಿನ ನಾಗಚಂದ್ರ ಕನ್ನಡದ ರಾಮಚಂದ್ರಚರಿತ ಪುರಾಣವನ್ನು ರಚಿಸಿದ. ಅಲ್ಲಿ ರಾಕ್ಷಸರೂ ವಾನರರೂ ವಿದ್ಯಾಧರ ವಂಶದವರು. ಆಕಾಶದಲ್ಲಿ ಹಾರುವುದು, ಬೇಕಾದ ರೂಪ ತಳೆಯುವುದು ಅವರಿಗೆ ಸಾಧ್ಯ. ಆದರೆ ಅದು ಸಾಧನೆಯಿಂದ ಪಡೆದ ವಿದ್ಯೆ, ಆ ವಿದ್ಯೆಗೆ ಮೇರೆಯುಂಟು. ರಾವಣನ ಪುಷ್ಪಕವು ತಪಸ್ಸಿಗೆ ನಿಂತ ವಾಲಿಮುನಿಯ ಮೇಲ್ಗಡೆ ಬಂದಾಗ ಮುಂದಕ್ಕೆ ಚಲಿಸದೆ ನಿಲ್ಲುತ್ತದೆ ಎಂಬ ಜೈನ ರಾಮಾಯಣದ ಪ್ರಸಂಗವನ್ನು ನೆನೆಯಬಹುದು. ನಿಂತದ್ದೇಕೆ ಎಂದು ಯಾರೂ ಕೇಳಬೇಕಾದ್ದಿಲ್ಲ; ಕಾರಣ ಕೆಳಗೆ ಕಣ್ಣಿಗೆ ಕಾಣುವಂತೆ ನಿಂತಿದೆ. ಕೀಲಿಯ ಕೋಣೆಯಲ್ಲಿ ಅಳುವ ನಾಗಿಣಿಗೆ ಇಂಥದೊಂದು ಕಾರಣವನ್ನು ಒದಗಿಸದೆ ಹೋದದ್ದೇ ಆ ಕಥೆಗಾರರ ತಪ್ಪು.

ಇಲ್ಲೊಂದು ಭೇದವನ್ನು ಗುರುತಿಸದಿದ್ದರೆ ವಾದ ಅಡ್ಡಹಾದಿ ಹಿಡಿದೀತು. 14ನೆಯ ಶತಮಾನದ ವೃತ್ತವಿಲಾಸನ ಧರ್ಮಪರೀಕ್ಷೆಯಲ್ಲಿ ಮನೋವೇಗ, ಪವನವೇಗರೆಂಬ ಇಬ್ಬರು ವಿದ್ಯಾಧರರು ಪಾಟಲಿಪುತ್ರಕ್ಕೆ ಹೋಗಿ ನಂಬಲಾಗದ ಕಥೆಗಳನ್ನು ಹೇಳುತ್ತಾರೆ. ಅಲ್ಲಿನ ವಿದ್ವಾಂಸರು ಇದು ಅಸಂಭವವೆಂದಾಗ, ನಿಮ್ಮ ಪುರಾಣಗಳಲ್ಲಿ ಇಂಥದೇ ಇದೆಯಲ್ಲ ಎಂದು ಬಾಯಿ ಮುಚ್ಚಿಸುತ್ತಾರೆ. ಇದು ಮತದ ಜಗಳ. ಎದುರಾಳಿಯ ಅದ್ಭುತವನ್ನು ಒಡೆಯುವ ತಂತ್ರ. ಕಿರುತೆರೆಯನ್ನು ಜರೆಯುವ ನಮ್ಮ ವಿದ್ವಾಂಸರು ಬಳಸುವುದು ಬಹುಮಟ್ಟಿಗೆ ಈ ತಂತ್ರವನ್ನೇ, ಆದರೆ ವೃತ್ತವಿಲಾಸನ ವಿನೋದ ಅವರಲ್ಲಿಲ್ಲ. ಅಬಿಡ್ಸ್‌ನ ನೋಡುಗರ ಪ್ರಶ್ನೆ ಒಡೆಯುವುದಕ್ಕೆ ಹುಟ್ಟಿದ್ದಲ್ಲ. ಕಥೆ ಚೆನ್ನಾಗಿರಲಿ ಎಂಬ ಆಸೆಯಿಂದ ಹುಟ್ಟಿದ್ದು. ಶ್ರೇಣಿಕನದೂ ಅಂಥದೇ ಸಂದೇಹ: ಆತ ಕಥೆಯನ್ನು ಬಿಡಲು ಸಿದ್ಧನಿಲ್ಲ, ಸರಿಯಾದ ಕಥೆ ಬೇಕು ಅವನಿಗೆ.

ಅಭಿನಯದ ವಿಷಯದಲ್ಲಿ ಈ ನೋಡುಗರು ಇನ್ನೂ ಸೂಕ್ಷ್ಮ. ಈ ಬಗೆಯ ಧಾರಾವಾಹಿಗಳನ್ನು ನೋಡಿದವರಿಗೆ ಗೊತ್ತಿರುವಂತೆ, ಅಲ್ಲಿ ಒಂದು ಮಾತು ಬಿದ್ದೊಡನೆ ಕ್ಯಾಮರಾ ಮನೆಮಂದಿಯ ಮುಖಗಳಿಗೆಲ್ಲ ಒಂದೊಂದಾಗಿ ನುಗ್ಗುತ್ತದೆ, ಹಿನ್ನೆಲೆಯಲ್ಲಿ ಸಿಡಿಲಿನ ಸದ್ದು. ನಟರು ಕಣ್ಣರಳಿಸಿ ಸುಮ್ಮನೆ ನಿಂತರೆ ಸಾಕು. ನಾಗಿಣಿಯ ಕಣ್ಣಿಗೆ ಬಣ್ಣದ ಮಸೂರ, ಮೈಗೆ ಹೊಳೆಯುವ ಉಡುಗೆ. ಭರತನ ಮಾತಿನಲ್ಲಿ ಹೇಳುವುದಾದರೆ ಆಹಾರ್ಯವು ಸಾತ್ತ್ವಿಕವನ್ನು ನುಂಗಿದೆ. ಕುಂದಾಪುರದ ಗೃಹಸ್ಥರು ಭರತನ ನೆರವಿಲ್ಲದೆ ಇದನ್ನೇ ಹೇಳಿದರು: "ಕಣ್ಣಗೆ ಹಾವ್ ಇಲ್ದಿರೆ ವೇಷ ಕಟ್ಟಿ ಎಂತ ಪ್ರಯೋಜ್ನ, ಕಾಣಿ." ಯಕ್ಷಗಾನ ನೋಡಿ ಬೆಳೆದವರಿಗೆ ವೇಷ ಎಂಬುದು ಆರಂಭ ಮಾತ್ರ, ಅದರೊಳಗೆ ಪಾತ್ರ ಬಂದು ಕೂರಬೇಕು. ಅಷ್ಟರಲ್ಲಿ ಬ್ಯಾಂಕಿನವರ ಮಗಳು, ಆಗ ಕಾಲೇಜಿನಲ್ಲಿ ಓದುತ್ತಿದ್ದವಳು, ಒಂದು ಆಕ್ಷೇಪ ಎತ್ತಿದಳು. ಹಾವಿಗೆ ರೆಪ್ಪೆಯೇ ಇಲ್ಲ, ಅದು ಕಣ್ಣು ಮಿಟುಕಿಸಲಾರದು. ಹಾಗಿರುವಾಗ ಈ ನಾಗಿಣಿ ಸೇಡಿನ ಮಾತಾಡುವಾಗಲೆಲ್ಲ ರೆಪ್ಪೆ ಪಟಪಟ ಬಡಿಯುತ್ತಾಳಲ್ಲ. ಹೆಣ್ಣಿನ ರೂಪದಲ್ಲಿದ್ದಾಗಲೂ ನೋಟ ಹಾವಿನದಾಗಿರಬೇಡವೇ?

ನನಗೆ ಥಟ್ಟನೆ ನೆನಪಾದವಳು ದಮಯಂತಿ. ಸ್ವಯಂವರ ಮಂಟಪದಲ್ಲಿ ದೇವತೆಗಳು ನಳನ ರೂಪವನ್ನೇ ತಳೆದು ಸಾಲಾಗಿ ಕುಳಿತಾಗ ಆಕೆ ನಿಜವಾದ ನಳನನ್ನು ಗುರುತಿಸಿದ್ದು ಹೇಗೆ? ದೇವತೆಗಳು ರೆಪ್ಪೆ ಮಿಟುಕಿಸರು, ಬೆವರರು, ಅವರ ಮಾಲೆ ಬಾಡದು, ಕಾಲು ನೆಲ ತಾಗದು. ಮಹಾಭಾರತದ ಈ ಕಥೆಯನ್ನು ಕನಕದಾಸರು ನಳಚರಿತ್ರೆಯಾಗಿ ಮನೆಮನೆಗೆ ತಲುಪಿಸಿದರು. ವೇಷ ಒಂದೇ ಆದಾಗ ಸ್ವಭಾವವನ್ನು ಹುಡುಕುವ ಈ ಕಣ್ಣು ನಟನ ವಿಮರ್ಶಕನ ಕಣ್ಣಲ್ಲದೆ ಮತ್ತೇನು? ವ್ಯತ್ಯಾಸವಿಷ್ಟೆ: ದಮಯಂತಿಯ ಮುಂದಿದ್ದ ನಟರು ದೇವತೆಗಳಾಗಿದ್ದುದರಿಂದ ತಮ್ಮ ಸ್ವಭಾವವನ್ನು ಮರೆಸಲಾರದೆ ಸೋತರು, ನಮ್ಮ ನಾಗಿಣಿಯರು ಮನುಷ್ಯರಾಗಿದ್ದುದರಿಂದ ಹಾವಿನ ಸ್ವಭಾವವನ್ನು ತರಲಾರದೆ ಸೋಲುತ್ತಾರೆ. ನೋಡುವವಳ ಪರೀಕ್ಷೆ ಮಾತ್ರ ಎರಡೂ ಕಡೆ ಒಂದೇ, ಅದು ರೆಪ್ಪೆಯ ಪರೀಕ್ಷೆ.

ಇನ್ನು 'ಶಕ್ತಿಮಾನ್'. 1997ರ ಸೆಪ್ಟೆಂಬರಿನಲ್ಲಿ ದೂರದರ್ಶನದಲ್ಲಿ ಆರಂಭವಾಗಿ 2005ರವರೆಗೆ ನಡೆದ ಈ ಹಿಂದಿ ಧಾರಾವಾಹಿ ಅಬಿಡ್ಸ್‌ನ ಕೂಟದ ಹಳೆಯ ಚರ್ಚಾವಸ್ತು. ಆಗ ನಾನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಈಗ ಹೇಳುತ್ತಿರುವುದರಲ್ಲಿ ಹೆಚ್ಚಿನದು ಅವರಿಂದ ಅನಂತರ ಕೇಳಿ ಪಡೆದದ್ದು. ಮುಕೇಶ್ ಖನ್ನಾ ಶಕ್ತಿಮಾನನೂ ಹೌದು, ಪತ್ರಿಕಾಲಯದ ಪೆದ್ದು ಛಾಯಾಗ್ರಾಹಕ ಗಂಗಾಧರನೂ ಹೌದು. ಆ ಗಂಗಾಧರನ ಪೂರ್ಣನಾಮಧೇಯ ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ. ವಿದ್ಯಾಧರ ಶಬ್ದದ ಮೇಲೆ ಪುಟಗಟ್ಟಲೆ ಬರೆಯುತ್ತಿದ್ದ ನನಗೆ, ಅದು ಪ್ರತಿವಾರ ದೇಶದ ಮಕ್ಕಳ ಬಾಯಲ್ಲಿ ನಲಿಯುತ್ತಿದೆಯೆಂಬುದು ತಿಳಿಯದೆ ಹೋಯಿತು.

ಈ ಮೇಜಿನ ಹಿರಿಯರು ಮುಕೇಶ್ ಖನ್ನಾ ಅವರನ್ನು ನೋಡಿದ್ದು ಭೀಷ್ಮನ ಮೂಲಕ. 1988ರಿಂದ 1990ರವರೆಗೆ ಪ್ರಸಾರವಾದ ಬಿ. ಆರ್. ಚೋಪ್ರಾ ಅವರ 'ಮಹಾಭಾರತ'ದಲ್ಲಿ ಭೀಷ್ಮನಾಗಿದ್ದವರು ಅವರು. ಅದರಲ್ಲಿ ದ್ರೋಣನಾಗಿದ್ದ ಸುರೇಂದ್ರ ಪಾಲ್ ಇಲ್ಲಿ ದುಷ್ಟಶಕ್ತಿಯ ಒಡೆಯ ತಮ್ರಾಜ್ ಕಿಲ್ವಿಷ್. ಹೀಗಾಗಿ ಈ ನೋಡುಗರಿಗೆ ಶಕ್ತಿಮಾನ್ ಮತ್ತು ಕಿಲ್ವಿಷ್ ಎದುರಾದಾಗಲೆಲ್ಲ ಒಂದೇ ಪಕ್ಷದಲ್ಲಿ ಸೇನಾಪತಿಗಳಾಗಿದ್ದ ಇಬ್ಬರು ವೃದ್ಧರು ಕಡೆಗೂ ಪರಸ್ಪರ ಕಾದಿದಂತೆ. ಇದನ್ನು ತಮಾಷೆಯೆಂದು ಬಿಡಬಹುದು. ಆದರೆ ಇದರಿಂದ ಹುಟ್ಟಿದ ತೀರ್ಪು ತಮಾಷೆಯದಲ್ಲ. ಶಕ್ತಿಮಾನನ ಮಾತಿನ ಗಾಂಭೀರ್ಯ, ನಿಂತ ನಿಲುವು ಭೀಷ್ಮನಿಂದ ಸಾಲ ತಂದವು; ನಟ ಹೊಸದಾಗಿ ಸಂಪಾದಿಸಿದ್ದು ಗಂಗಾಧರನನ್ನು ಎಂಬುದು ರೈಲ್ವೆಯವರ ಅಭಿಪ್ರಾಯ. ಉಬ್ಬುಹಲ್ಲು, ಕನ್ನಡಕ, ಎಣ್ಣೆ ಹಚ್ಚಿ ಬಾಚಿದ ತಲೆ ಇವೆಲ್ಲ ಆಹಾರ್ಯ ಸರಿ. ಆದರೆ ಭೀಷ್ಮನೆಂದು ಮನ್ನಣೆ ಪಡೆದ ದೇಹವನ್ನು ಕುಗ್ಗಿಸಿ ನಗೆಪಾಟಲು ಮಾಡಿಕೊಂಡದ್ದು ಅಭಿನಯ ಎಂದು ಅವರು ವಾದಿಸುತ್ತಿದ್ದರಂತೆ. ಈ ವಾದ ನನಗೆ ಸರಿಯೆನಿಸುತ್ತದೆ. ಎತ್ತರದಿಂದ ಇಳಿಯುವುದು ಹಾರುವುದಕ್ಕಿಂತ ಕಷ್ಟದ ನಟನೆ.

ಪಾತ್ರಧಾರಿ ಬದಲಾಗುವುದನ್ನು ಇವರು ಸುಲಭವಾಗಿ ಒಪ್ಪಿದರು. ಕಿಟು ಗಿಡ್ವಾನಿ ವಹಿಸುತ್ತಿದ್ದ ವರದಿಗಾರ್ತಿ ಗೀತಾ ವಿಶ್ವಾಸಳ ಪಾತ್ರಕ್ಕೆ ಅನಂತರ ವೈಷ್ಣವಿ ಮಹಂತ್ ಬಂದರು. ಒಂದು ಮೇಳದ ದ್ರೌಪದಿ ಮತ್ತೊಂದು ಮೇಳದಲ್ಲಿ ಬೇರೆಯಾಗಿರುವುದನ್ನು ಕಂಡವರಿಗೆ ಇದು ದೊಡ್ಡ ಮಾತಲ್ಲ. ಗೀತಾ ಗೀತಾಳಂತೆ ನಡೆದುಕೊಂಡರೆ ಮುಖ ಯಾರದಾದರೇನು ಎಂಬ ಈ ಉದಾರತೆ, ಕಥೆ ಲಂಬಿಸುವ ವಿಷಯದಲ್ಲಿ ಮಾತ್ರ ಕಾಣೆಯಾಗುತ್ತದೆ. ಒಂದು ಮದುವೆ ಮೂರು ವಾರ ನಡೆದರೆ ಅವರು ಸಹಿಸರು. ಈ ವಿಷಯದಲ್ಲಿ ನಾನು ಬಾಯಿ ಬಿಡಲಿಲ್ಲ. ಜಲಕ್ರೀಡೆ, ವನಕ್ರೀಡೆ, ಚಂದ್ರೋದಯಗಳೆಂದು ಅಷ್ಟಾದಶ ವರ್ಣನೆಗಳಿಂದ ಕಥೆಯನ್ನು ತಡೆದು ನಿಲ್ಲಿಸುವ ಚಂಪೂಕಾವ್ಯಗಳನ್ನು ಪಾಠ ಹೇಳಿ ಸಂಬಳ ಪಡೆಯುವವನು ಏನೆಂದಾನು!

'ಶಕ್ತಿಮಾನ್' ಪ್ರಸಾರವಾಗುತ್ತಿದ್ದ ಕಾಲದಲ್ಲಿ, ಆತ ಬಂದು ಉಳಿಸುವನೆಂದು ನಂಬಿ ಮಕ್ಕಳು ಅಪಾಯಕ್ಕೆ ಒಡ್ಡಿಕೊಂಡರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಅವುಗಳ ಸತ್ಯಾಸತ್ಯತೆಯ ಬಗೆಗೂ ವಿವಾದ ನಡೆಯಿತು. ಇಂಥ ಸಾಹಸಗಳನ್ನು ಅನುಕರಿಸಬಾರದೆಂದು ನಟರೇ ಮಕ್ಕಳಿಗೆ ತಿಳಿಹೇಳಿದರು. ನೋಡುಗರಿಗೆ ವಿವೇಚನೆಯಿಲ್ಲವೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೇ ಎಂದು ಕೇಳಬಹುದು. ನಾನು ಇದನ್ನು ಹಗುರಾಗಿ ತಳ್ಳಿಹಾಕಲಾರೆ. ಅಬಿಡ್ಸ್‌ನ ಕೂಟದಲ್ಲಿಯೂ ಒಂದು ಮನೆಯಲ್ಲಿ ಏಳು ವರ್ಷದ ಹುಡುಗ ಒಂದು ಕೈ ಮೇಲೆತ್ತಿ ಗಿರಗಿರನೆ ತಿರುಗಿ ಮೆಟ್ಟಿಲಿನಿಂದ ಬಿದ್ದು ಹಲ್ಲು ಮುರಿದುಕೊಂಡಿದ್ದ. ಆದರೆ ಆ ಹುಡುಗ ಈಗ ಬೆಳೆದು ದೊಡ್ಡವನಾಗಿ ನನಗೆ ಹೇಳಿದ ಮಾತು ಯೋಚನೆಗೆ ಹಚ್ಚಿತು. ಹಾರಬಲ್ಲೆನೆಂದು ತಾನು ತಿರುಗಲಿಲ್ಲವಂತೆ. ಗಂಗಾಧರನು ತಿರುಗಿ ಶಕ್ತಿಮಾನನಾಗುತ್ತಾನಾದರೆ ತಿರುಗುವಾಗ ತಲೆ ಸುತ್ತುವುದಿಲ್ಲವೇ ಎಂಬುದನ್ನು ನೋಡಲು ತಿರುಗಿದನಂತೆ. ಒಬ್ಬ ಹುಡುಗನ ಮಾತಿನಿಂದ ಸಿದ್ಧಾಂತ ಕಟ್ಟಲಾಗದು. ಆದರೂ ಮಕ್ಕಳ ಮುಗ್ಧತೆ ಎಂದು ನಾವು ಕರೆಯುವುದರಲ್ಲಿ ಕಥೆಯ ಕಟ್ಟಳೆಯನ್ನು ಪರೀಕ್ಷಿಸುವ ಕುತೂಹಲದ ಪಾಲು ಎಷ್ಟೆಂದು ಯಾರೂ ಅವರನ್ನು ಕೇಳಿರಲಿಲ್ಲ. ಆ ಕಟ್ಟಳೆ ತೆರೆಯ ಅಂಚಿಗೆ ಮುಗಿಯುತ್ತದೆಂಬುದನ್ನು ಹೇಳಿಕೊಡುವುದು ಹಿರಿಯರ ಕರ್ತವ್ಯವಾಗಿತ್ತು. ಹಿರಿಯರು ಸಂಪಾದಕರಿಗೆ ಪತ್ರ ಬರೆಯುವುದರಲ್ಲಿ ತೊಡಗಿದ್ದರು.

ಈ ನೋಡುಗರನ್ನು ನಾನು ಕೊಂಡಾಡುತ್ತಿದ್ದೇನೆಂದು ತಿಳಿಯಬಾರದು. ಔಚಿತ್ಯವೆಂಬ ಅಳತೆಗೋಲಿಗೆ ಒಂದು ದೋಷವುಂಟು. ಅದು ಸ್ವಭಾವ ಯಾವುದೆಂದು ಮೊದಲೇ ನಿಶ್ಚಯಿಸಿಕೊಂಡಿರುತ್ತದೆ. ಹಾವಿನ ಸ್ವಭಾವವನ್ನು ಅಷ್ಟು ಬಿಗಿಯಾಗಿ ಕೇಳಿದ ಮೇಜು, ನಾಗಿಣಿ ಅತ್ತೆಗೆ ಎದುರಾಡಿದ ದಿನ ಒಕ್ಕೊರಲಿನಿಂದ ಬೇಸರಪಟ್ಟಿತು. ಸೊಸೆಯಾದವಳು ಹಾಗೆ ಮಾಡಬಾರದಿತ್ತು. ಮನೆಯವರನ್ನೆಲ್ಲ ಕಚ್ಚಿ ಕೊಲ್ಲಬಲ್ಲ, ಸೇಡಿಗಾಗಿಯೇ ಬಂದ ಒಬ್ಬಳು ಬೆಳಗೆದ್ದು ಎಲ್ಲರಿಗೂ ಚಹಾ ಮಾಡಿ ಕೊಡುವುದು ಇವರಿಗೆ ಅನುಚಿತವೆನಿಸಲಿಲ್ಲ, ಎದುರುತ್ತರ ಅನುಚಿತವೆನಿಸಿತು. ಆಗ ಆ ಕಾಲೇಜಿನ ಹುಡುಗಿಯೇ, "ಹಾವ ಆದ್ರೂ ಸೊಸಿನೇ ಏನ್ರಿ?" ಎಂದಳು. ಮೇಜು ನಕ್ಕಿತು, ಉತ್ತರಿಸಲಿಲ್ಲ. ನನ್ನ ಮಟ್ಟಿಗೆ ಇಡೀ ನಾಗಿಣಿ ಪ್ರಕಾರದ ಮೇಲೆ ಬಂದಿರುವ ಅತ್ಯಂತ ತೀಕ್ಷ್ಣ ವಿಮರ್ಶೆ ಆ ನಾಲ್ಕು ಪದಗಳದು. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ರಾಣಿ ಹುತ್ತದಲ್ಲಿ ಕೈಯಿಟ್ಟು ಪ್ರಮಾಣ ಮಾಡುವಾಗ ಅದ್ಭುತವು ಮನೆಯ ನಿಯಮವನ್ನೇ ಅಲುಗಿಸುತ್ತದೆ. ಅಲ್ಲಿ ಹಾವು ಬಂದದ್ದಕ್ಕೆ ಅರ್ಥವಿದೆ. ಧಾರಾವಾಹಿಯ ಹಾವಾದರೋ ಮನೆಯ ನಿಯಮಗಳಿಗೆ ಕಾವಲು ಕೂರುತ್ತದೆ. ಮಧ್ಯಕಾಲೀನ ಕಾವ್ಯಗಳ ಔಚಿತ್ಯವಿಚಾರದಲ್ಲಿಯೂ ಇದೇ ಕುರುಡು ಇತ್ತೆಂಬುದನ್ನು ನಾವು ಮರೆಯಬಾರದು.

ಕವಿರಾಜಮಾರ್ಗವು ಈ ನಾಡಿನ ಜನ ಓದದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಹೇಳಿದ್ದನ್ನು ರಾಜ್ಯೋತ್ಸವದ ಭಾಷಣಕ್ಕೆ ಬಿಟ್ಟುಕೊಟ್ಟಿದ್ದೇವೆ. ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಸೇಡಂ ತಾಲೂಕಿನಲ್ಲಿದೆ. ಕೀಲಿಯ ಪ್ರಶ್ನೆ ಎತ್ತಿದ ತಾಯಿಯ ತವರು ಅಲ್ಲಿಗೆ ದೂರವಿಲ್ಲ. ಹೈದರಾಬಾದಿನ ಕನ್ನಡ ಶಾಲೆಗೂ ನೃಪತುಂಗನದೇ ಹೆಸರು. ಇಷ್ಟೆಲ್ಲ ಇದ್ದೂ ಏಳೆಂಟು ವರ್ಷಗಳ ಹಿಂದೆ ಕಲಬುರಗಿ ಕಡೆಯ ವಿದ್ಯಾರ್ಥಿನಿಯೊಬ್ಬಳು, ನಾಗಕಥೆಯ ಧಾರಾವಾಹಿಗಳನ್ನು ನೋಡುವ ಹೊರನಾಡಿನ ಕನ್ನಡ ಹೆಂಗಸರ ಮಾತನ್ನು ಸಂಗ್ರಹಿಸಿ ಅಧ್ಯಯನ ಮಾಡುವೆನೆಂದು ನನ್ನ ಬಳಿ ಬಂದಾಗ, ಇದು ಸಂಶೋಧನೆಯ ವಸ್ತುವಲ್ಲವೆಂದು ನಾನು ಹೇಳಿಕಳಿಸಿದೆ. ಆಕೆ ತನ್ನ ತಾಯಿ, ದೊಡ್ಡಮ್ಮಂದಿರ ಮಾತುಗಳನ್ನು ಅವರದೇ ನುಡಿಯಲ್ಲಿ ಬರೆದುಕೊಂಡಿದ್ದ ಒಂದು ವಹಿಯನ್ನು ತಂದಿದ್ದಳು. ನಾನು ಅದನ್ನು ತೆರೆಯಲಿಲ್ಲ. ನಾನು ಸೂಚಿಸಿದಂತೆ ಒಂದು ಅಪ್ರಸಿದ್ಧ ಚಂಪುವಿನ ಪದಸಂಪತ್ತಿನ ಮೇಲೆ ಆಕೆ ಪ್ರಬಂಧ ಬರೆದು ಪದವಿ ಪಡೆದಳು. ಪರೀಕ್ಷಕರನ್ನು ಬಿಟ್ಟರೆ ಅದನ್ನು ಓದಿದವನು ನಾನೊಬ್ಬನೇ. ಈಚೆಗೆ ಆ ವಹಿಯನ್ನು ಕೇಳಿ ಬರೆದೆ. ಮನೆ ಬದಲಿಸುವಾಗ ಹಳೆಯ ಕಾಗದಗಳೊಡನೆ ಹೋಯಿತೆಂದು ಉತ್ತರ ಬಂದಿತು. ಧಾರಾವಾಹಿಗಳಾದರೂ ಯಾವುದೋ ರೂಪದಲ್ಲಿ ಮರಳಿ ಬರುತ್ತವೆ. 2020ರ ಲಾಕ್‌ಡೌನಿನಲ್ಲಿ ದೂರದರ್ಶನ 'ಮಹಾಭಾರತ'ವನ್ನೂ 'ಶಕ್ತಿಮಾನ್'ನ್ನೂ ಮರುಪ್ರಸಾರ ಮಾಡಿತು. ಅವನ್ನು ನೋಡಿ ಆಡಿದ ಮಾತಿಗೆ ಮರುಪ್ರಸಾರವಿಲ್ಲ. ಹೊರನಾಡುಗಳಲ್ಲಿ ಕುಳಿತು ಕನ್ನಡದ ಕೆಲಸ ಮಾಡುವವರು, ಹತ್ತಿರದ ಕನ್ನಡ ಮನೆಗಳಲ್ಲಿ ಇಂಥ ಮಾತು ಕೇಳಿಬಂದರೆ, ಅದನ್ನು ಶಿಷ್ಟಕ್ಕೆ ತಿದ್ದದೆ, ಆಡಿದವರ ನುಡಿಯಲ್ಲಿಯೇ, ದಿನಾಂಕ ಸಹಿತ ಬರೆದಿಡಬೇಕೆಂದು ಕೋರುತ್ತೇನೆ.

ಲಾಕ್‌ಡೌನಿನ ಅನಂತರ ಅಬಿಡ್ಸ್‌ನ ಆ ಮೇಜು ಮತ್ತೆ ಪೂರ್ತಿ ತುಂಬಲಿಲ್ಲ. ಕುಂದಾಪುರದವರು ಊರಿಗೆ ಮರಳಿದರು. ಸೇಡಂ ಕಡೆಯ ತಾಯಿಯನ್ನು ಕಳೆದ ವರ್ಷ ಅವರ ಮನೆಯಲ್ಲಿ ಕಂಡಾಗ ಕೀಲಿಯ ಪ್ರಶ್ನೆಯನ್ನು ನೆನಪಿಸಿದೆ. ಉತ್ತರ ಸಿಕ್ಕಿತೇ ಎಂದು ಕೇಳಿದೆ. ಅವರಿಗೆ ಎಲ್ಲ ನೆನಪಿತ್ತು.

"ಮೂರ ವಾರ ಆದಮ್ಯಾಲ ಹೇಳಿದ್ರಿ ಸರ, ಆ ಖೋಲಿಗೆ ಗರುಡನ ತಾಯತ ಕಟ್ಟಿತ್ತಂತ. ಕಟ್ಟೂದನ್ನ ಮದ್ಲ ತೋರ್ಸಿದ್ರ ಅವರ ಗಂಟೇನ ಹೋಗ್ತಿತ್ತ?"